ಥೈರಾಯ್ಡ್ ಗಂಟಿನಲ್ಲಿ ಕ್ಯಾನ್ಸರ್ ಅನುಮಾನ: ಆಪರೇಷನ್‌ಗೆ ಒಪ್ಪುವ ಮುನ್ನ ತಿಳಿದುಕೊಳ್ಳಬೇಕಾದ್ದು

ಥೈರಾಯ್ಡ್ ಗಂಟಿನ ಸೂಜಿ ಪರೀಕ್ಷೆಯಲ್ಲಿ ಕ್ಯಾನ್ಸರ್ ಅನುಮಾನ ಬಂತು ಎಂದ ಕೂಡಲೇ ಬಹಳ ಮನೆಗಳಲ್ಲಿ ಅದೇ ವಾರ ಆಪರೇಷನ್ ತಾರೀಖು ಗೊತ್ತಾಗಿಬಿಡುತ್ತದೆ. ಎಷ್ಟು ತೆಗೆಯುತ್ತಾರೆ, ಅಷ್ಟೇ ಯಾಕೆ, ಆಮೇಲೆ ಏನೇನು ಎಂಬುದೆಲ್ಲ ತಿಳಿಯುವುದು ಡಿಸ್ಚಾರ್ಜ್ ಸಮ್ಮರಿ ಕೈಗೆ ಬಂದಾಗ. ನಮ್ಮ ಕಡೆಯಿಂದ ಚಿಕಿತ್ಸೆಗೆಂದು ಬೆಂಗಳೂರಿಗೆ ಬರುವ ನೆಂಟರಿಷ್ಟರ ಜೊತೆ ಆಸ್ಪತ್ರೆಗಳಲ್ಲಿ ಓಡಾಡುತ್ತಾ ಬಂದಿರುವ ನನಗೆ ಇದು ತುಂಬಾ ಸಂಕಟ ಕೊಡುವ ವಿಷಯ. ಯಾಕೆಂದರೆ ಹೆಚ್ಚಿನ ಥೈರಾಯ್ಡ್ ಕ್ಯಾನ್ಸರ್‌ಗಳಲ್ಲಿ ಯೋಚಿಸಲು ಸಮಯವಿರುತ್ತದೆ. ತೆಗೆದ ಗ್ರಂಥಿಯನ್ನು ಮಾತ್ರ ಮತ್ತೆ ಕೂಡಿಸಲು ಬರುವುದಿಲ್ಲ. ಆದ್ದರಿಂದ ಕೇಳಬೇಕಾದ್ದನ್ನೆಲ್ಲ ಆಪರೇಷನ್‌ಗೆ ಮೊದಲೇ ಕೇಳಬೇಕು.

ಈ ಬರಹ ಓದಿ ಯಾರೂ ಚಿಕಿತ್ಸೆಯನ್ನು ತಾವೇ ತೀರ್ಮಾನಿಸಿಕೊಳ್ಳಬೇಡಿ. ಡಾಕ್ಟರ ಎದುರು ಕೂತಾಗ ಅವರ ಮಾತು ತಲೆಗೆ ಹೋಗಬೇಕು, ನಿಮ್ಮ ಪ್ರಶ್ನೆ ಬಾಯಿಗೆ ಬರಬೇಕು. ಇದನ್ನು ಬರೆದಿರುವುದು ಅಷ್ಟಕ್ಕೇ.

ಹೆಜ್ಜೆ 1: ಅವಸರ ಇದೆಯೋ ಇಲ್ಲವೋ ನೋಡಿ

ಥೈರಾಯ್ಡ್ ಕ್ಯಾನ್ಸರ್‌ನಲ್ಲಿ ನೂರಕ್ಕೆ ಸುಮಾರು 80 ಪ್ಯಾಪಿಲ್ಲರಿ ಎಂಬ ಬಗೆಯವು. ಅದು ಬೆಳೆಯುವುದು ನಿಧಾನ. ನಂತರದ್ದು ಫಾಲಿಕ್ಯುಲರ್. ಮೆಡ್ಯುಲ್ಲರಿ ಎಂಬುದು ಅಪರೂಪ. ಇನ್ನೂ ಅಪರೂಪದ್ದು, ಹೆಚ್ಚಾಗಿ ವಯಸ್ಸಾದವರಲ್ಲಿ ಕಾಣುವುದು ಅನಾಪ್ಲಾಸ್ಟಿಕ್. ಇವುಗಳಲ್ಲಿ ಕೊನೆಯದೊಂದು ಮಾತ್ರ ದಿನ ಎಣಿಸಿ ಓಡಬೇಕಾದ ಕಾಯಿಲೆ.

ಗಂಟು ಒಂದೆರಡು ತಿಂಗಳಲ್ಲಿ ಕಣ್ಣಿಗೆ ಕಾಣುವಷ್ಟು ದೊಡ್ಡದಾಗಿದ್ದರೆ, ಮಲಗಿದಾಗ ಉಸಿರು ಕಟ್ಟಿದಂತಾದರೆ, ಅನ್ನ ನುಂಗಲು ಕಷ್ಟವಾಗುತ್ತಿದ್ದರೆ, ಸ್ವರ ಒಡೆದು ಸರಿಹೋಗದಿದ್ದರೆ ಈ ಲೇಖನವನ್ನು ಇಲ್ಲಿಗೇ ನಿಲ್ಲಿಸಿ, ನಾಳೆಯೇ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿ. ಇವೇನೂ ಇಲ್ಲದೆ, ಯಾವುದೋ ಕಾರಣಕ್ಕೆ ಸ್ಕ್ಯಾನಿಂಗ್ ಮಾಡಿಸಿದಾಗ ಗಂಟು ಕಂಡಿದ್ದರೆ ಕೆಲವು ವಾರ ತೆಗೆದುಕೊಂಡು ಪರೀಕ್ಷೆಗಳನ್ನು ಪೂರ್ತಿ ಮಾಡಿಸಿ, ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯುವುದರಿಂದ ಸಾಮಾನ್ಯವಾಗಿ ಏನೂ ಕೆಡುವುದಿಲ್ಲ. "ಈಗಲೇ ಮಾಡಿಸದಿದ್ದರೆ ಹರಡಿಬಿಡುತ್ತೆ" ಎಂದು ಯಾರಾದರೂ ಹೆದರಿಸಿದರೆ, ಯಾವ ರಿಪೋರ್ಟಿನಲ್ಲಿ ಅಂಥದ್ದು ಕಂಡಿದೆ ಎಂದು ನಿಧಾನವಾಗಿ ಕೇಳಿ.

ಹೆಜ್ಜೆ 2: ಸ್ಕ್ಯಾನಿಂಗ್ ರಿಪೋರ್ಟನ್ನು ಸಾಲುಸಾಲಾಗಿ ಓದಿ

ಕತ್ತಿನ ಅಲ್ಟ್ರಾಸೌಂಡ್ ರಿಪೋರ್ಟಿನ ಕೊನೆಯ ಸಾಲನ್ನಷ್ಟೇ ಓದಿ ಮಡಚಿಡುವುದು ನಮ್ಮ ಅಭ್ಯಾಸ. ನಿಜವಾದ ಮಾಹಿತಿ ಇರುವುದು ಮೇಲಿನ ಸಾಲುಗಳಲ್ಲಿ. ಅಂಥದ್ದೊಂದು ರಿಪೋರ್ಟ್ ಹೀಗಿದೆ ಅಂದುಕೊಳ್ಳೋಣ (ಲೋಬ್ ಎಂದರೆ ಗ್ರಂಥಿಯ ಒಂದು ಬದಿಯ ಭಾಗ): ಬಲ ಲೋಬ್‌ನಲ್ಲಿ 16 × 12 × 18 ಮಿಲಿಮೀಟರ್ ಅಳತೆಯ ಗಂಟು; ಸಾಲಿಡ್; ಹೈಪೋಎಕೋಯಿಕ್; ಟಾಲರ್ ದ್ಯಾನ್ ವೈಡ್; ಅಂಚು ಇರೆಗ್ಯುಲರ್; ಪಂಕ್ಟೇಟ್ ಎಕೋಜೆನಿಕ್ ಫೋಕೈ; ಟೈರಾಡ್ಸ್ 5.

ಸಾಲಿಡ್ ಎಂದರೆ ಒಳಗೆ ನೀರಿಲ್ಲ, ಗಟ್ಟಿಯಾಗಿದೆ. ಹೈಪೋಎಕೋಯಿಕ್ ಎಂದರೆ ಸುತ್ತಲಿನ ಗ್ರಂಥಿಗಿಂತ ಕಪ್ಪಾಗಿ ಕಾಣುತ್ತಿದೆ. ಟಾಲರ್ ದ್ಯಾನ್ ವೈಡ್ ಎಂದರೆ ಅಡ್ಡಗಲಕ್ಕಿಂತ ಮುಂದಿನಿಂದ ಹಿಂದಕ್ಕೆ ಹೆಚ್ಚು ಬೆಳೆದಿದೆ; ಮೇಲಿನ ಅಳತೆಯಲ್ಲಿ 16 ಮತ್ತು 12 ಹೇಳುತ್ತಿರುವುದು ಅದನ್ನೇ. ಪಂಕ್ಟೇಟ್ ಫೋಕೈ ಎಂದರೆ ಸಣ್ಣ ಸಣ್ಣ ಬಿಳಿ ಚುಕ್ಕೆಗಳು, ಹಲವು ಸಲ ಅವು ಸುಣ್ಣದ ಕಣಗಳು. ಇಂಥ ಒಂದೊಂದು ಲಕ್ಷಣಕ್ಕೂ ಅಂಕ ಕೊಟ್ಟು, ಕೂಡಿಸಿ, 1ರಿಂದ 5ರವರೆಗೆ ದರ್ಜೆ ಹಾಕುವ ಪದ್ಧತಿಯೇ ಟೈರಾಡ್ಸ್. ಅಮೆರಿಕದ ರೇಡಿಯಾಲಜಿ ಸಂಸ್ಥೆ 2017ರಲ್ಲಿ ಕೊಟ್ಟ ಪಟ್ಟಿಯ ಪ್ರಕಾರ 5ನೇ ದರ್ಜೆಯ ಗಂಟು 1 ಸೆಂಟಿಮೀಟರ್ ಇದ್ದರೆ ಸೂಜಿ ಪರೀಕ್ಷೆ, 4ನೇ ದರ್ಜೆಗೆ 1.5, 3ನೇ ದರ್ಜೆಗೆ 2.5 ಸೆಂಟಿಮೀಟರ್ ಇರಬೇಕು. ಟೈರಾಡ್ಸ್ 5 ಎಂದರೆ ಅನುಮಾನ ಬಲವಾಗಿದೆ ಎಂದಷ್ಟೇ, ಕ್ಯಾನ್ಸರ್ ಸಾಬೀತಾಗಿದೆ ಎಂದಲ್ಲ.

ನಾನು ಎಲ್ಲರ ರಿಪೋರ್ಟಿನಲ್ಲೂ ಹುಡುಕುವ ಸಾಲು ಇನ್ನೊಂದಿದೆ: ಕತ್ತಿನ ಎರಡೂ ಬದಿಯ ಲಿಂಫ್ ನೋಡ್‌ಗಳ ಬಗ್ಗೆ ಏನು ಬರೆದಿದ್ದಾರೆ? ದುಗ್ಧರಸ ಗ್ರಂಥಿಗಳು ಎಂದು ಕನ್ನಡದಲ್ಲಿ ಕರೆಯುವ ಇವುಗಳಿಗೇ ಪ್ಯಾಪಿಲ್ಲರಿ ಕ್ಯಾನ್ಸರ್ ಮೊದಲು ಹೋಗುವುದು. ಆಪರೇಷನ್‌ನಲ್ಲಿ ಎಷ್ಟು ತೆಗೆಯಬೇಕು ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದೂ ಇವೇ. ಗಂಟಿನ ಬಗ್ಗೆ ಅರ್ಧ ಪುಟ ಬರೆದು ನೋಡ್‌ಗಳ ಬಗ್ಗೆ ಒಂದು ಮಾತೂ ಬರೆಯದ ರಿಪೋರ್ಟುಗಳು ಎಷ್ಟೋ ಬರುತ್ತವೆ. ಹಾಗಿದ್ದರೆ ಆಪರೇಷನ್‌ಗೆ ಮುನ್ನ ಕತ್ತಿನ ನೋಡ್‌ಗಳ ಸ್ಕ್ಯಾನಿಂಗ್ ಮತ್ತೊಮ್ಮೆ ಆಗಲೇಬೇಕು. ಅನುಮಾನದ ನೋಡ್ ಕಂಡರೆ ಅದಕ್ಕೂ ಸೂಜಿ ಹಾಕಿ ಪರೀಕ್ಷಿಸುತ್ತಾರೆ. ಸೂಜಿ ತೊಳೆದ ದ್ರವದಲ್ಲಿ ಥೈರಾಯ್ಡ್ ಜೀವಕೋಶಗಳು ಮಾತ್ರ ತಯಾರಿಸುವ ಥೈರೋಗ್ಲೋಬುಲಿನ್ ಎಂಬ ಪ್ರೋಟೀನ್ ಎಷ್ಟಿದೆ ಎಂದು ಅಳೆಯುವುದೂ ಉಂಟು.

ಹೆಜ್ಜೆ 3: ಸೂಜಿ ಪರೀಕ್ಷೆ ಹೇಳಿದ್ದೇನು, ಹೇಳಲಾಗದ್ದೇನು

ಎಫ್‌ಎನ್‌ಎಸಿ ಎಂಬ ಸೂಜಿ ಪರೀಕ್ಷೆಯ ರಿಪೋರ್ಟಿನಲ್ಲಿ ಬೆಥೆಸ್ಡಾ ಎಂದು ಬರೆದು ಒಂದು ಅಂಕಿ ಹಾಕಿರುತ್ತಾರೆ. ಇಡೀ ಕಡತದಲ್ಲಿ ಅದಕ್ಕಿಂತ ಮುಖ್ಯವಾದ ಅಂಕಿ ಇಲ್ಲ. ಒಟ್ಟು ಆರು ದರ್ಜೆ. 2023ರ ಪರಿಷ್ಕೃತ ಆವೃತ್ತಿಯ ಪ್ರಕಾರ ಒಂದೊಂದರಲ್ಲೂ ಕ್ಯಾನ್ಸರ್ ಇರುವ ಸರಾಸರಿ ಸಂಭವ ಬೇರೆ ಬೇರೆ.

ಬೆಥೆಸ್ಡಾ 1 ಬಂದರೆ ಸಾಕಷ್ಟು ಜೀವಕೋಶ ಸಿಕ್ಕಿಲ್ಲ ಎಂದರ್ಥ. ಅದು ಒಳ್ಳೆಯ ಸುದ್ದಿಯೂ ಅಲ್ಲ, ಕೆಟ್ಟ ಸುದ್ದಿಯೂ ಅಲ್ಲ. ಸ್ಕ್ಯಾನಿಂಗ್ ನೋಡಿಕೊಂಡು ಮತ್ತೆ ಸೂಜಿ ಹಾಕಿಸಬೇಕು. 2 ಎಂದರೆ ನಿರಪಾಯದ ಗಂಟು, ಕ್ಯಾನ್ಸರ್ ಸಂಭವ ನೂರಕ್ಕೆ ಸುಮಾರು 4. 5 ಎಂದರೆ ಬಲವಾದ ಅನುಮಾನ, ನೂರಕ್ಕೆ ಸುಮಾರು 74. 6 ಬಂದರೆ ನೂರಕ್ಕೆ 97. ಹೆಚ್ಚು ಗೊಂದಲ ಆಗುವುದು ನಡುವಿನ ಎರಡರಲ್ಲಿ. ಬೆಥೆಸ್ಡಾ 3ರಲ್ಲಿ ಸಂಭವ ಸುಮಾರು 22, 4ರಲ್ಲಿ ಸುಮಾರು 30. ಅಂದರೆ ಬೆಥೆಸ್ಡಾ 4 ಬಂದ ಹತ್ತು ಜನರಲ್ಲಿ ಏಳು ಜನಕ್ಕೆ ಕ್ಯಾನ್ಸರ್ ಇರುವುದಿಲ್ಲ. ಈ ದರ್ಜೆಯಲ್ಲಿರುವವರಿಗೆ ಮನೆಯವರು ಕ್ಯಾನ್ಸರ್ ಎಂದೇ ತೀರ್ಮಾನಿಸಿ ಊರಿಗೆಲ್ಲ ಫೋನ್ ಮಾಡಿರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

4ನೇ ದರ್ಜೆಯಲ್ಲಿ ಸೂಜಿ ಯಾಕೆ ಖಚಿತವಾಗಿ ಹೇಳುವುದಿಲ್ಲ ಎಂದು ಹಲವರು ಲ್ಯಾಬಿನವರ ಮೇಲೆ ಸಿಟ್ಟಾಗುತ್ತಾರೆ. ಫಾಲಿಕ್ಯುಲರ್ ಗಂಟು ಕ್ಯಾನ್ಸರ್ ಹೌದೋ ಅಲ್ಲವೋ ಎಂಬುದು ಅದರ ಜೀವಕೋಶದ ರೂಪದಲ್ಲಿ ಗೊತ್ತಾಗುವುದಿಲ್ಲ. ಗಂಟಿನ ಹೊರಕವಚವನ್ನು ಅಥವಾ ರಕ್ತನಾಳವನ್ನು ಅದು ಭೇದಿಸಿದೆಯೇ ಎಂದು ನೋಡಬೇಕು. ಹಲಸಿನ ಹಣ್ಣಿನ ಒಂದು ತೊಳೆ ನೋಡಿ ಸಿಪ್ಪೆ ಎಲ್ಲಿ ಬಿರುಕು ಬಿಟ್ಟಿದೆ ಎಂದು ಹೇಳಲು ಬರುತ್ತದೆಯೇ? ಗಂಟನ್ನು ಇಡಿಯಾಗಿ ತೆಗೆದು, ಸುತ್ತಲಿನ ಕವಚವನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದಾಗಲೇ ಉತ್ತರ. ಹಾಗಾಗಿ ಈ ದರ್ಜೆಯಲ್ಲಿ ಮಾಡುವ ಆಪರೇಷನ್ ಎಷ್ಟೋ ಸಲ ಚಿಕಿತ್ಸೆಗಿಂತ ಮೊದಲು ರೋಗನಿರ್ಣಯ. ಇದು ತಿಳಿದಿದ್ದರೆ "ಕ್ಯಾನ್ಸರ್ ಇರಲಿಲ್ಲವಂತೆ, ಸುಮ್ಮನೆ ಕೊಯ್ದರು" ಎಂಬ ನೋವು ಆಮೇಲೆ ಕಾಡುವುದಿಲ್ಲ. ಗ್ರಂಥಿಯ ಎರಡೂ ಭಾಗವನ್ನು ಮೊದಲೇ ಯಾಕೆ ತೆಗೆಯಬಾರದು ಎಂಬುದೂ ಅರ್ಥವಾಗುತ್ತದೆ.

3 ಮತ್ತು 4ನೇ ದರ್ಜೆಗೆ ಬಿಆರ್‌ಎಎಫ್, ಆರ್‌ಎಎಸ್ ಮುಂತಾದ ಜೀನ್ ಬದಲಾವಣೆ ನೋಡುವ ಮಾಲಿಕ್ಯುಲರ್ ಪರೀಕ್ಷೆಗಳಿವೆ. ಅಮೆರಿಕದಲ್ಲಿ ಬಳಕೆ ಹೆಚ್ಚು. ನಮ್ಮಲ್ಲಿ ಖರ್ಚು ಜಾಸ್ತಿ, ಎಲ್ಲ ಕಡೆ ಸಿಗುವುದಿಲ್ಲ. ಅದಕ್ಕಿಂತ ಸುಲಭವಾದದ್ದು ಸ್ಲೈಡ್ ರಿವ್ಯೂ. ಸೂಜಿ ಪರೀಕ್ಷೆ ಮಾಡಿದ ಲ್ಯಾಬಿನಿಂದ ಗಾಜಿನ ಸ್ಲೈಡುಗಳನ್ನು ಕೇಳಿ ಪಡೆದು, ಕ್ಯಾನ್ಸರ್ ಆಸ್ಪತ್ರೆಯ ಪೆಥಾಲಜಿ ವಿಭಾಗದಲ್ಲಿ ಮತ್ತೊಮ್ಮೆ ಓದಿಸಿ. ಹೊಸದಾಗಿ ಚುಚ್ಚಿಸಿಕೊಳ್ಳದೆಯೇ ಎರಡನೇ ಅಭಿಪ್ರಾಯ ಸಿಗುತ್ತದೆ. ಕೆಲವೊಮ್ಮೆ ದರ್ಜೆಯೇ ಬದಲಾಗುತ್ತದೆ.

ಇನ್ನೊಂದು ವಿಷಯ ನೆನಪಿರಲಿ. ಹಿಂದೆ ಕ್ಯಾನ್ಸರ್ ಎಂದು ಕರೆಯುತ್ತಿದ್ದ ಒಂದು ಬಗೆಯ ಪ್ಯಾಪಿಲ್ಲರಿ ಗಂಟನ್ನು, ಕವಚದೊಳಗೇ ಉಳಿದು ಎಲ್ಲೂ ಭೇದಿಸದಂಥದ್ದನ್ನು, 2016ರಲ್ಲಿ ಕ್ಯಾನ್ಸರ್ ಪಟ್ಟಿಯಿಂದಲೇ ಹೊರಗಿಟ್ಟರು. ಅದನ್ನು ಈಗ ಎನ್‌ಐಎಫ್‌ಟಿಪಿ ಎನ್ನುತ್ತಾರೆ. ಅದಕ್ಕೆ ಗಂಟಿರುವ ಅರ್ಧ ಗ್ರಂಥಿ ತೆಗೆದರೆ ಸಾಕು. ಇದೂ ಗೊತ್ತಾಗುವುದು ಆಪರೇಷನ್ ಆದ ಮೇಲೆಯೇ.

ಹೆಜ್ಜೆ 4: ಉಳಿದ ಪರೀಕ್ಷೆಗಳು

ಟಿಎಸ್‌ಎಚ್ ಎಂಬ, ಥೈರಾಯ್ಡ್ ಕೆಲಸವನ್ನು ಹತೋಟಿಯಲ್ಲಿಡುವ ಹಾರ್ಮೋನಿನ ರಕ್ತ ಪರೀಕ್ಷೆಯನ್ನು ಎಲ್ಲರಿಗೂ ಮಾಡುತ್ತಾರೆ. ಅದು ತೀರಾ ಕಡಿಮೆ ಇದ್ದರೆ ನ್ಯೂಕ್ಲಿಯರ್ ಸ್ಕ್ಯಾನ್ ಮಾಡಿ, ಗಂಟೇ ಅತಿಯಾಗಿ ಹಾರ್ಮೋನ್ ಮಾಡುತ್ತಿದೆಯೇ ನೋಡುತ್ತಾರೆ. ಅಂಥ ಗಂಟು ಕ್ಯಾನ್ಸರ್ ಆಗಿರುವುದು ಅಪರೂಪ. ಕೂದಲು ಉದುರುವುದಕ್ಕೆಂದು ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ರಕ್ತ ಕೊಡುವುದಕ್ಕೆ ಕನಿಷ್ಠ ಎರಡು ದಿನ ಮೊದಲು ನಿಲ್ಲಿಸಿ. ಥೈರಾಯ್ಡ್ ಫಲಿತಾಂಶಗಳನ್ನು ಅದು ತಪ್ಪಾಗಿ ತೋರಿಸುತ್ತದೆ.

ಮೆಡ್ಯುಲ್ಲರಿ ಕ್ಯಾನ್ಸರ್ ಅನುಮಾನ ಇದ್ದರೆ ಕ್ಯಾಲ್ಸಿಟೋನಿನ್ ಎಂಬ ರಕ್ತ ಪರೀಕ್ಷೆ ಮಾಡಲೇಬೇಕು. ಇಲ್ಲಿ ಸ್ವಲ್ಪ ನಿಲ್ಲಬೇಕು. ಈ ಬಗೆಯದು ಆರ್‌ಇಟಿ ಎಂಬ ಜೀನ್ ಮೂಲಕ ವಂಶದಲ್ಲಿ ಬರಬಹುದು, ಜೊತೆಗೆ ಅಡ್ರಿನಲ್ ಗ್ರಂಥಿಯಲ್ಲಿ ಫಿಯೋಕ್ರೊಮೊಸೈಟೋಮಾ ಎಂಬ ಗಡ್ಡೆಯೂ ಇರಬಹುದು. ಆ ಗಡ್ಡೆ ಇರುವುದು ತಿಳಿಯದೆ ಅರವಳಿಕೆ ಕೊಟ್ಟರೆ ಬಿಪಿ ಏರಿ ಪ್ರಾಣಕ್ಕೇ ಅಪಾಯ. ಆದ್ದರಿಂದ ಮೆಡ್ಯುಲ್ಲರಿ ಎಂದಾದರೆ ಮೊದಲು ಆ ಪರೀಕ್ಷೆ, ಆಮೇಲೆ ಥೈರಾಯ್ಡ್ ಆಪರೇಷನ್. ಮನೆಯಲ್ಲಿ ಯಾರಿಗಾದರೂ ಥೈರಾಯ್ಡ್ ಕ್ಯಾನ್ಸರ್ ಆಗಿದ್ದರೆ, ಚಿಕ್ಕ ವಯಸ್ಸಿನಲ್ಲೇ ವಿಪರೀತ ಬಿಪಿ ಇದ್ದರೆ, ಡಾಕ್ಟರು ಕೇಳದಿದ್ದರೂ ನೀವಾಗಿ ಹೇಳಿ.

ಧ್ವನಿತಂತುಗಳ ಪರೀಕ್ಷೆಯನ್ನೂ ಬಿಡಬೇಡಿ. ಮೂಗಿನ ಮೂಲಕ ಸಣ್ಣ ಕ್ಯಾಮೆರಾ ಇಳಿಸಿ ಎರಡೂ ತಂತುಗಳು ಅಲ್ಲಾಡುತ್ತಿವೆಯೇ ಎಂದು ನೋಡುವ ಕೆಲಸ ಕೆಲವೇ ನಿಮಿಷದ್ದು. ಸ್ವರ ಚೆನ್ನಾಗಿಯೇ ಇದ್ದು ಒಂದು ತಂತು ಮೊದಲೇ ನಿಂತುಹೋಗಿರುವುದೂ ಉಂಟು. ಜೊತೆಗೆ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ನೋಡಿಸಿಕೊಳ್ಳಿ. ಡಿ ಕೊರತೆ ನಮ್ಮಲ್ಲಿ ಸಾಮಾನ್ಯ, ಆಪರೇಷನ್‌ಗೆ ಮುಂಚೆಯೇ ಸರಿ ಮಾಡಿಕೊಂಡರೆ ಆಮೇಲೆ ಕೈಬೆರಳು ಜುಮುಗುಡುವ ಕಾಟ ಕಡಿಮೆ. ಗಂಟು ದೊಡ್ಡದಿದ್ದು ಎದೆಯೊಳಗೆ ಇಳಿದಿದ್ದರೆ ಅಥವಾ ನೋಡ್‌ಗಳು ಹೆಚ್ಚಿದ್ದರೆ ಸಿಟಿ ಸ್ಕ್ಯಾನ್ ಬೇಕಾಗುತ್ತದೆ. ಅದರಲ್ಲಿ ಕೊಡುವ ಅಯೋಡಿನ್ ಔಷಧದಿಂದ ರೇಡಿಯೋ ಅಯೋಡಿನ್ ಚಿಕಿತ್ಸೆಯನ್ನು (ಆಪರೇಷನ್ ಆದ ಮೇಲೆ ಉಳಿದ ಥೈರಾಯ್ಡ್ ಕೋಶಗಳನ್ನು ನಾಶಮಾಡಲು ಕೊಡುವ ವಿಕಿರಣದ ಅಯೋಡಿನ್) ಒಂದೆರಡು ತಿಂಗಳು ಮುಂದೂಡಬೇಕಾಗಬಹುದು. ಅದಕ್ಕೆ ಹೆದರಿ ಬೇಕಾದ ಸಿಟಿಯನ್ನು ತಪ್ಪಿಸಬಾರದು.

ಹೆಜ್ಜೆ 5: ನಿಮ್ಮ ಮುಂದಿರುವ ಆಯ್ಕೆಗಳು

ಮೊದಲನೆಯದು, ಆಪರೇಷನ್ ಮಾಡದೆ ಕಣ್ಣಿಟ್ಟು ಕಾಯುವುದು. ಕ್ಯಾನ್ಸರ್ ಎಂದು ಗೊತ್ತಿದ್ದೂ ಕಾಯುವುದೇ ಎಂದು ಬೆಚ್ಚಿಬೀಳುವವರೇ ಎಲ್ಲ. ಜಪಾನಿನ ಕೋಬೆಯಲ್ಲಿರುವ ಕುಮಾ ಆಸ್ಪತ್ರೆಯಲ್ಲಿ ಡಾಕ್ಟರ್ ಅಕಿರಾ ಮಿಯಾಉಚಿ ಅವರ ಸಲಹೆಯ ಮೇರೆಗೆ 1993ರಿಂದಲೇ ಇದು ನಡೆಯುತ್ತಿದೆ. 1 ಸೆಂಟಿಮೀಟರ್ ಅಥವಾ ಅದಕ್ಕೂ ಚಿಕ್ಕದಾದ, ನೋಡ್‌ಗಳಿಗೆ ಹೋಗದ, ಶ್ವಾಸನಾಳ ಮತ್ತು ಧ್ವನಿಯ ನರಕ್ಕೆ ಅಂಟಿರದ ಪ್ಯಾಪಿಲ್ಲರಿ ಗಂಟುಗಳನ್ನು ನಿಯಮಿತವಾಗಿ ಸ್ಕ್ಯಾನ್ ಮಾಡುತ್ತಾ ಬಂದರು. 2014ರಲ್ಲಿ ಅವರು ಪ್ರಕಟಿಸಿದ 1,235 ರೋಗಿಗಳ ವಿವರದಲ್ಲಿ, ಹತ್ತು ವರ್ಷದಲ್ಲಿ 3 ಮಿಲಿಮೀಟರ್ ಅಥವಾ ಹೆಚ್ಚು ಬೆಳೆದದ್ದು ನೂರಕ್ಕೆ 8, ಹೊಸದಾಗಿ ನೋಡ್‌ಗೆ ಹರಡಿದ್ದು ನೂರಕ್ಕೆ 4ಕ್ಕೂ ಕಡಿಮೆ. ವಯಸ್ಸಾದವರಲ್ಲಿ ಬೆಳೆಯುವುದು ಇನ್ನೂ ಕಡಿಮೆ, 40ರ ಒಳಗಿನವರಲ್ಲಿ ತುಸು ಹೆಚ್ಚು. ಬೆಳೆದವರಿಗೆ ಆಮೇಲೆ ಆಪರೇಷನ್ ಮಾಡಿದರು, ಅವರೂ ಚೆನ್ನಾಗಿದ್ದಾರೆ.

ಇದಕ್ಕೆ ಎದುರಾದ ಅನುಭವ ದಕ್ಷಿಣ ಕೊರಿಯಾದ್ದು. ಅಲ್ಲಿ ಲಕ್ಷಣವೇ ಇಲ್ಲದವರಿಗೂ ಕತ್ತಿನ ಸ್ಕ್ಯಾನಿಂಗ್ ಮಾಡುವುದು ರೂಢಿಯಾಗಿ, 1993ಕ್ಕೆ ಹೋಲಿಸಿದರೆ 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪ್ರಮಾಣ 15 ಪಟ್ಟಾಯಿತು. ಸಾವಿನ ಪ್ರಮಾಣ ಇದ್ದಲ್ಲೇ ಇತ್ತು. ಯಾರ ಜೀವಕ್ಕೂ ತೊಂದರೆ ಮಾಡದೆ ಇದ್ದುಬಿಡುತ್ತಿದ್ದ ಸಣ್ಣ ಗಂಟುಗಳನ್ನೇ ಹುಡುಕಿ ಕೊಯ್ದದ್ದಾಗಿತ್ತು.

ಹಾಗಂತ ಕಾಯುವುದು ಎಲ್ಲರಿಗೂ ಹೊಂದುವುದಿಲ್ಲ. ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ, ಸಾಧ್ಯವಾದರೆ ಅದೇ ರೇಡಿಯಾಲಜಿಸ್ಟ್ ಹತ್ತಿರ ಸ್ಕ್ಯಾನಿಂಗ್ ತಪ್ಪಿಸದೆ ಮಾಡಿಸಬೇಕು. ಬಸ್ಸು ಹತ್ತಿ ಇಡೀ ದಿನ ಕಳೆದು ಬರಬೇಕಾದವರಿಗೆ ಅದು ಸುಲಭವಲ್ಲ. "ಒಳಗೆ ಇದೆಯಲ್ಲ" ಎಂದು ರಾತ್ರಿ ನಿದ್ದೆ ಬರದವರಿಗೂ ಇದು ಸಲ್ಲದು. ಕಾಯುವುದು ಎಂದರೆ ಮರೆತುಬಿಡುವುದಲ್ಲ. ಗಂಟು ಕರಗಿಸುತ್ತೇವೆ ಎನ್ನುವ ಕಷಾಯ, ಪುಡಿ ನಂಬಿ ಕೂರುವುದೂ ಅಲ್ಲ.

ಎರಡನೆಯದು ಅರ್ಧ ಗ್ರಂಥಿ, ಅಂದರೆ ಗಂಟಿರುವ ಒಂದು ಲೋಬ್ ಮಾತ್ರ ತೆಗೆಯುವುದು. ಹೆಮಿಥೈರಾಯ್ಡೆಕ್ಟಮಿ ಅಥವಾ ಲೊಬೆಕ್ಟಮಿ ಎನ್ನುತ್ತಾರೆ. ಮೂರನೆಯದು ಪೂರ್ತಿ ತೆಗೆಯುವ ಟೋಟಲ್ ಥೈರಾಯ್ಡೆಕ್ಟಮಿ. ಅಮೆರಿಕನ್ ಥೈರಾಯ್ಡ್ ಅಸೋಸಿಯೇಷನ್ 2015ರಲ್ಲಿ ಕೊಟ್ಟ ಮಾರ್ಗಸೂಚಿಯಿಂದೀಚೆಗೆ ಚಿಂತನೆ ಬದಲಾಯಿತು. ಗಂಟು 1ರಿಂದ 4 ಸೆಂಟಿಮೀಟರ್ ಒಳಗಿದ್ದು, ಗ್ರಂಥಿಯ ಹೊರಗೆ ಚಾಚಿರದೆ, ನೋಡ್‌ಗಳು ಚೊಕ್ಕಟವಾಗಿದ್ದರೆ ಅರ್ಧವೂ ಸರಿ, ಪೂರ್ತಿಯೂ ಸರಿ ಎಂದು ಅದು ಹೇಳಿತು. 4 ಸೆಂಟಿಮೀಟರಿಗಿಂತ ದೊಡ್ಡದು, ಹೊರಗೆ ಹಬ್ಬಿದ್ದು, ನೋಡ್‌ಗೆ ಹೋಗಿದ್ದು ಎಂದಾದರೆ ಪೂರ್ತಿ ತೆಗೆಯುವುದೇ. ಮೆಡ್ಯುಲ್ಲರಿಗೂ ಸಾಮಾನ್ಯವಾಗಿ ಪೂರ್ತಿಯೇ.

ನನ್ನ ಅತ್ತಿಗೆಯದ್ದು ಈ ನಡುವಿನ ಪ್ರಕರಣ. ಹಾಸನದ ಕಡೆ ಪ್ರೈಮರಿ ಶಾಲೆಯಲ್ಲಿ ಟೀಚರ್. ಎರಡು ಸೆಂಟಿಮೀಟರಿನ ಗಂಟು, ಬೆಥೆಸ್ಡಾ 5, ನೋಡ್‌ಗಳಲ್ಲಿ ಏನೂ ಇಲ್ಲ. ಡಾಕ್ಟರು ಅರ್ಧ ಸಾಕು ಎಂದರು. ಅಣ್ಣ ಕುರ್ಚಿಯ ತುದಿಗೆ ಬಂದು, "ಇಟ್ಕೊಂಡು ಯಾಕೆ ಒದ್ದಾಡೋದು ಡಾಕ್ಟ್ರೇ, ಪೂರ್ತಿ ತೆಗ್ದುಬಿಡಿ" ಎಂದ. ಡಾಕ್ಟರು ಸ್ಕ್ಯಾನಿಂಗ್ ಕವರಿನ ಹಿಂದೆ ಪೆನ್ನಿನಲ್ಲಿ ಗ್ರಂಥಿ ಬರೆದರು. ಎರಡೂ ಪಕ್ಕದಲ್ಲಿ ಒಂದೊಂದು ಗೆರೆ ಎಳೆದು "ಇವು ಧ್ವನಿಗೆ ಹೋಗೋ ನರ", ಹಿಂದೆ ನಾಲ್ಕು ಚುಕ್ಕೆ ಇಟ್ಟು "ಇವು ಕ್ಯಾಲ್ಸಿಯಂ ನೋಡ್ಕೊಳ್ಳೋ ಪ್ಯಾರಾಥೈರಾಯ್ಡ್" ಎಂದರು. ಆಮೇಲೆ ಎಡಭಾಗವನ್ನು ಅಂಗೈಯಲ್ಲಿ ಮುಚ್ಚಿ, "ಈ ಕಡೆ ನಾನು ಕೈನೇ ಹಾಕಲ್ಲ ಅಂದ್ರೆ, ಈ ನರಕ್ಕೂ ಈ ಎರಡು ಚುಕ್ಕೆಗೂ ಏನೂ ಆಗಲ್ಲ. ನೀವು ಟೀಚರ್ ಅಲ್ವೇನಮ್ಮ, ನೀವೇ ಹೇಳಿ" ಎಂದು ಅತ್ತಿಗೆಯ ಕಡೆ ತಿರುಗಿದರು. ಅಲ್ಲಿಯವರೆಗೆ ಒಂದು ಮಾತೂ ಆಡದಿದ್ದ ಅತ್ತಿಗೆ ಕೇಳಿದ ಪ್ರಶ್ನೆ ಚೆನ್ನಾಗಿತ್ತು: "ಆಮೇಲೆ ಇನ್ನರ್ಧಾನೂ ತೆಗೀಬೇಕಾಗಿ ಬಂದ್ರೆ?"

ಇಡೀ ಆಯ್ಕೆ ನಿಂತಿರುವುದು ಆ ಪ್ರಶ್ನೆಯ ಮೇಲೆ. ಅರ್ಧ ತೆಗೆಸಿದವರಿಗೆ ಬಯಾಪ್ಸಿಯಲ್ಲಿ, ಅಂದರೆ ತೆಗೆದ ಭಾಗವನ್ನು ಲ್ಯಾಬಿನಲ್ಲಿ ನೋಡುವ ಪರೀಕ್ಷೆಯಲ್ಲಿ, ರಕ್ತನಾಳದೊಳಗೆ ಹರಡಿದ್ದೋ, ಆಕ್ರಮಣಕಾರಿ ಬಗೆಯೋ ಕಂಡರೆ ಎರಡನೇ ಆಪರೇಷನ್ ಬೇಕಾಗಬಹುದು. ಎರಡನೇ ಸಲದ ಖರ್ಚು, ರಜೆ, ಅರವಳಿಕೆ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಪೂರ್ತಿ ತೆಗೆಸಿದವರಿಗೆ ಆ ಚಿಂತೆ ಇಲ್ಲ. ಥೈರೋಗ್ಲೋಬುಲಿನ್ ರಕ್ತ ಪರೀಕ್ಷೆಯಲ್ಲಿ ಕಾಯಿಲೆ ಮರಳಿದೆಯೇ ಎಂದು ಸುಲಭವಾಗಿ ತಿಳಿಯುತ್ತದೆ, ರೇಡಿಯೋ ಅಯೋಡಿನ್ ಬೇಕಾದರೆ ಕೊಡಬಹುದು. ಅದಕ್ಕೆ ಬದಲಾಗಿ ಗ್ರಂಥಿ ಮಾಡುತ್ತಿದ್ದ ಹಾರ್ಮೋನಿನ ಬದಲಿಗೆ ಜೀವನಪರ್ಯಂತ ಥೈರಾಕ್ಸಿನ್ ಮಾತ್ರೆ. ಅನುಭವಿ ಕೈಗಳಲ್ಲಿ ಶಾಶ್ವತ ಧ್ವನಿ ತೊಂದರೆ ನೂರಕ್ಕೆ ಒಂದರ ಆಸುಪಾಸು. ಪೂರ್ತಿ ತೆಗೆದಾಗ ಶಾಶ್ವತ ಕ್ಯಾಲ್ಸಿಯಂ ಕೊರತೆ ನೂರಕ್ಕೆ ಒಂದರಿಂದ ಮೂರು. ಕೆಲವು ವಾರ ಕಾಡಿ ಹೋಗುವ ಕೊರತೆ ಅದಕ್ಕಿಂತ ಎಷ್ಟೋ ಹೆಚ್ಚು. ಅರ್ಧ ತೆಗೆಸಿದರೆ ಎಲ್ಲರಿಗೂ ಮಾತ್ರೆ ತಪ್ಪುತ್ತದೆ ಎಂದೇನಿಲ್ಲ, ಆದರೆ ಬಹಳ ಜನರಿಗೆ ತಪ್ಪುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ, ಎರಡೂ ಸರಿ ಎಂದು ಡಾಕ್ಟರೇ ಹೇಳುವ ಸಂದರ್ಭದಲ್ಲಿ ಅರ್ಧದಿಂದ ಶುರು ಮಾಡುವುದೇ ಮೇಲು. ಉಳಿದರ್ಧವನ್ನು ಬೇಕಾದರೆ ಆಮೇಲೂ ತೆಗೆಯಬಹುದು. ಇದಕ್ಕೆ ಮುಖ್ಯವಾದ ಅಪವಾದ, ಆ ಇನ್ನೊಂದು ಭಾಗದಲ್ಲೂ ಗಂಟುಗಳಿದ್ದು ಹೇಗೂ ಮಾತ್ರೆ ನುಂಗುತ್ತಿರುವವರು. ಅವರಿಗೆ ಒಮ್ಮೆಲೇ ಮುಗಿಸುವುದೇ ಲೇಸಾಗಬಹುದು.

ನೋಡ್‌ಗಳಿಗೆ ಹರಡಿದ್ದು ಸೂಜಿಯಲ್ಲಿ ಖಚಿತವಾಗಿದ್ದರೆ ಆ ಗುಂಪಿನ ನೋಡ್‌ಗಳನ್ನೂ ಅದೇ ಆಪರೇಷನ್‌ನಲ್ಲಿ ತೆಗೆಯುತ್ತಾರೆ, ಗಾಯದ ಉದ್ದ ಹೆಚ್ಚುತ್ತದೆ. ಹರಡಿಲ್ಲದಿದ್ದರೂ ಮುನ್ನೆಚ್ಚರಿಕೆಗೆ ತೆಗೆಯಬೇಕೇ ಎಂಬುದರಲ್ಲಿ ಸರ್ಜನ್‌ಗಳಲ್ಲೇ ಒಮ್ಮತವಿಲ್ಲ. ನಿಮ್ಮ ಸರ್ಜನ್ ಏನು ಮಾಡುತ್ತಾರೆ, ಯಾಕೆ ಎಂದು ಕೇಳಿ.

ಸೂಜಿಯಿಂದ ಸುಟ್ಟು ಗಂಟು ಕುಗ್ಗಿಸುವ ಆರ್‌ಎಫ್‌ಎ ಬಗ್ಗೆ ಜಾಹೀರಾತು ಈಗ ಬಹಳ. ಅದು ಮುಖ್ಯವಾಗಿ ನಿರಪಾಯದ ಗಂಟಿಗೆ, ಸಾಮಾನ್ಯವಾಗಿ ಎರಡು ಸೂಜಿ ಪರೀಕ್ಷೆಯಲ್ಲಿ ನಿರಪಾಯ ಎಂದು ಬಂದ ಮೇಲೆ. ಅನುಮಾನದ ಗಂಟನ್ನು ಏನೆಂದು ತಿಳಿಯುವ ಮೊದಲೇ ಸುಟ್ಟುಬಿಟ್ಟರೆ ನೋಡಲು ಬಯಾಪ್ಸಿಯೇ ಇರುವುದಿಲ್ಲ. ಬಾಯಿಯೊಳಗಿಂದ ಅಥವಾ ಕಂಕುಳಿಂದ ಮಾಡುವ, ಕತ್ತಿನಲ್ಲಿ ಗಾಯದ ಗುರುತಿಲ್ಲದ ಆಪರೇಷನ್‌ಗಳು ಆಯ್ದ ರೋಗಿಗಳಿಗೆ ಸರಿ, ಖರ್ಚು ಹೆಚ್ಚು. ಗುರುತು ಕಾಣಬಾರದು ಎಂಬುದು ಚಿಕ್ಕ ಆಸೆಯಲ್ಲ, ಮದುವೆಯಾಗದ ಹೆಣ್ಣುಮಕ್ಕಳಿಗೆ ಅದು ದೊಡ್ಡ ಚಿಂತೆಯೇ. ಸಂಕೋಚಪಡದೆ ಡಾಕ್ಟರ ಹತ್ತಿರ ಹೇಳಿ.

ಹೆಜ್ಜೆ 6: ರೇಡಿಯೋ ಅಯೋಡಿನ್ ಮತ್ತು ಮುಂದಿನ ಬದುಕಿನ ಲೆಕ್ಕ

ಪೂರ್ತಿ ಗ್ರಂಥಿ ತೆಗೆದ ಎಲ್ಲರಿಗೂ ರೇಡಿಯೋ ಅಯೋಡಿನ್ ಬೇಕಾಗಿಲ್ಲ. ಅಪಾಯ ಕಡಿಮೆ ಇರುವ ರೋಗಿಗಳಲ್ಲಿ ಕೊಟ್ಟರೂ ಕೊಡದಿದ್ದರೂ ಮೂರು ವರ್ಷದ ಫಲಿತಾಂಶದಲ್ಲಿ ವ್ಯತ್ಯಾಸ ಇಲ್ಲವೆಂದು ಫ್ರಾನ್ಸಿನ ದೊಡ್ಡ ಅಧ್ಯಯನವೊಂದು 2022ರಲ್ಲಿ ತೋರಿಸಿತು. ಬೇಕಾದವರಿಗೆ ನಮ್ಮ ದೇಶದ ನಿಯಮದಂತೆ 30 ಮಿಲಿಕ್ಯೂರಿಗಿಂತ ಹೆಚ್ಚಿನ ಡೋಸ್ ಆದರೆ ಪ್ರತ್ಯೇಕ ಕೋಣೆಯಲ್ಲಿ ದಾಖಲಾಗಬೇಕು. ಗರ್ಭಿಣಿಯರಿಗೆ ಕೊಡಲೇಬಾರದು. ಎದೆಹಾಲು ಕುಡಿಸುತ್ತಿರುವವರು ವಾರಗಳ ಮೊದಲೇ ಬಿಡಿಸಿರಬೇಕು, ಕೊಟ್ಟ ಮೇಲೆ ಕನಿಷ್ಠ ಆರು ತಿಂಗಳು ಗರ್ಭ ಧರಿಸುವಂತಿಲ್ಲ. ಆದ್ದರಿಂದ ಮಗು ಬೇಕೆಂದಿರುವವರು, ಮನೆಯಲ್ಲಿ ಹಸುಗೂಸು ಇರುವವರು ಈ ಮಾತನ್ನು ಆಪರೇಷನ್‌ಗೆ ಮೊದಲೇ ಎತ್ತಬೇಕು. ಬಸುರಿಯಲ್ಲಿ ಗಂಟು ಕಂಡಿದ್ದರೆ ಹೆಚ್ಚಿನ ಪ್ಯಾಪಿಲ್ಲರಿ ಕ್ಯಾನ್ಸರ್‌ಗಳಿಗೆ ಹೆರಿಗೆ ಆಗುವವರೆಗೆ ಕಾಯಬಹುದು.

ವಯಸ್ಸಿನ ವಿಷಯದಲ್ಲಿ ಸಮಾಧಾನದ ಮಾತೊಂದಿದೆ. 2018ರಿಂದ ಜಾರಿಯಲ್ಲಿರುವ ಹಂತ ನಿರ್ಣಯದಲ್ಲಿ 55 ವರ್ಷದೊಳಗಿನವರ ಪ್ಯಾಪಿಲ್ಲರಿ, ಫಾಲಿಕ್ಯುಲರ್ ಕ್ಯಾನ್ಸರ್‌ಗೆ ಇರುವುದು ಎರಡೇ ಹಂತ. ನೋಡ್‌ಗೆ ಹರಡಿದ್ದರೂ ಅವರದು ಒಂದನೇ ಹಂತವೇ.

ಥೈರಾಕ್ಸಿನ್ ಮಾತ್ರೆಯನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ನುಂಗಬೇಕು. ಎದ್ದ ಕೂಡಲೇ ಫಿಲ್ಟರ್ ಕಾಫಿ ಬೇಕೆನ್ನುವವರು ಅದನ್ನು ಅರ್ಧದಿಂದ ಒಂದು ಗಂಟೆ ಮುಂದೆ ಹಾಕಬೇಕಾಗುತ್ತದೆ. ಕಾಫಿ ಮಾತ್ರೆ ಹೀರಿಕೊಳ್ಳುವುದನ್ನು ತಡೆಯುತ್ತದೆ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗೆ ನಾಲ್ಕು ಗಂಟೆ ಅಂತರ ಬೇಕು.

ಹೆಜ್ಜೆ 7: ಯಾರ ಕೈಯಲ್ಲಿ, ಎಲ್ಲಿ, ಎಷ್ಟಕ್ಕೆ

"ವರ್ಷಕ್ಕೆ ಎಷ್ಟು ಥೈರಾಯ್ಡ್ ಆಪರೇಷನ್ ಮಾಡ್ತೀರಿ ಸಾರ್?" ಎಂದು ಕೇಳುವುದು ಅವಮಾನವಲ್ಲ. ಅಮೆರಿಕದಲ್ಲಿ 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ವರ್ಷಕ್ಕೆ 25ಕ್ಕಿಂತ ಹೆಚ್ಚು ಪೂರ್ತಿ ಥೈರಾಯ್ಡ್ ಆಪರೇಷನ್ ಮಾಡುವ ಸರ್ಜನ್‌ಗಳ ಕೈಯಲ್ಲಿ ತೊಂದರೆಗಳು ಸ್ಪಷ್ಟವಾಗಿ ಕಡಿಮೆ ಇದ್ದವು. ಆಸ್ಪತ್ರೆಯ ಕಟ್ಟಡಕ್ಕಿಂತ ಈ ಅಂಕಿ ಮುಖ್ಯ. ಬೆಂಗಳೂರಿನ ಕಿದ್ವಾಯಿಯಂಥ ಕಡೆ ಸರ್ಜನ್, ಪೆಥಾಲಜಿ, ನ್ಯೂಕ್ಲಿಯರ್ ಮೆಡಿಸಿನ್ ಒಂದೇ ಆವರಣದಲ್ಲಿರುವುದರಿಂದ ಸ್ಲೈಡ್ ರಿವ್ಯೂಗೂ ಎರಡನೇ ಅಭಿಪ್ರಾಯಕ್ಕೂ ಅನುಕೂಲ. ಸರದಿ ಉದ್ದವಿರುತ್ತದೆ, ಬೆಳಿಗ್ಗೆ ಬೇಗ ಹೋಗಿ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಉಳಿದವರಿಗೆ ಪ್ಯಾಕೇಜ್ ದರದ ನೂರಕ್ಕೆ 30 ಭಾಗ, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪತ್ರ ಮೊದಲೇ ಮಾಡಿಸಿಕೊಳ್ಳಿ. ದಾಖಲಾದ ಮೇಲೆ ಅದಕ್ಕಾಗಿ ಓಡಾಡುವುದು ಬಹಳ ಕಷ್ಟ. ಆಸ್ಪತ್ರೆಯಲ್ಲಿ ಈ ಯೋಜನೆಗೆ ನೆರವಾಗಲು ಇರುವ ಆರೋಗ್ಯ ಮಿತ್ರರನ್ನು ಕಂಡು, ಅರ್ಧ ಎಂದು ಮಂಜೂರಾಗಿದ್ದು ಒಳಗೆ ಹೋದಮೇಲೆ ಪೂರ್ತಿ ಮಾಡಬೇಕಾಗಿ ಬಂದರೆ ಹಣದ ಕತೆ ಏನು ಎಂದು ಕೇಳಿ.

ಹೆಜ್ಜೆ 8: ಒಪ್ಪಿಗೆ ಪತ್ರ

ಒಪ್ಪಿಗೆ ಪತ್ರವನ್ನು ಬಹಳ ಕಡೆ ಆಪರೇಷನ್ ಹಿಂದಿನ ರಾತ್ರಿ ವಾರ್ಡಿನಲ್ಲಿ ನರ್ಸ್ ತಂದು ಕೊಡುತ್ತಾರೆ. ಹಾಗಾಗದಂತೆ ಹೊರರೋಗಿ ವಿಭಾಗದಲ್ಲೇ ಕೇಳಿ ಓದಿ, ಕನ್ನಡದ ಪ್ರತಿ ಇದ್ದರೆ ಅದನ್ನೇ ಕೇಳಿ. ಅದರಲ್ಲಿ ಯಾವ ಆಪರೇಷನ್, ಯಾವ ಬದಿ ಎಂಬುದು ಸ್ಪಷ್ಟವಾಗಿ ಬರೆದಿರಬೇಕು. "ಹೆಮಿಥೈರಾಯ್ಡೆಕ್ಟಮಿ, ಅಗತ್ಯವಿದ್ದರೆ ಟೋಟಲ್" ಎಂದಿದ್ದರೆ, ಆ ಅಗತ್ಯ ಯಾವುದು ಎಂದು ಈಗಲೇ ಮಾತಾಡಿಕೊಳ್ಳಿ. ಫ್ರೋಜನ್ ಸೆಕ್ಷನ್ ಎಂದು ಆಪರೇಷನ್ ನಡೆಯುತ್ತಿರುವಾಗಲೇ ತುಂಡು ಕಳಿಸಿ ನೋಡುವ ಪದ್ಧತಿ ಇದೆ. ಫಾಲಿಕ್ಯುಲರ್ ಗಂಟಿನಲ್ಲಿ ಅದು ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಗ್ರಂಥಿಯ ಹೊರಗೆ ಹಬ್ಬಿದ್ದು ಕಂಡರೆ ಪೂರ್ತಿ ತೆಗೆಯಲು ಒಪ್ಪಿಗೆ, ಇಲ್ಲದಿದ್ದರೆ ಬಯಾಪ್ಸಿ ಬರುವವರೆಗೆ ಕಾಯಬೇಕು ಎಂದು ನಿಮ್ಮ ಮನಸ್ಸಿನಲ್ಲಿದ್ದರೆ ಅದನ್ನು ಹಾಗೆಯೇ ಬರೆಸಿ. ಮೊದಲ ಬದಿಯಲ್ಲಿ ನರಕ್ಕೆ ತೊಂದರೆಯಾದ ಸೂಚನೆ ಸಿಕ್ಕರೆ ಎರಡನೇ ಬದಿಯನ್ನು ಮುಂದೂಡುತ್ತೀರಾ ಎಂದೂ ಕೇಳಿ. ಎರಡೂ ಕಡೆಯ ನರಕ್ಕೆ ಒಟ್ಟಿಗೆ ಪೆಟ್ಟಾದರೆ ಉಸಿರಾಟಕ್ಕೇ ಸಂಚಕಾರ.

ಆಸ್ಪಿರಿನ್, ಕ್ಲೊಪಿಡೊಗ್ರೆಲ್‌ನಂಥ ರಕ್ತ ತೆಳುಗೊಳಿಸುವ ಮಾತ್ರೆ ನುಂಗುತ್ತಿದ್ದರೆ ಅರವಳಿಕೆ ವೈದ್ಯರಿಗೆ ತಿಳಿಸಿ, ನೀವಾಗಿ ನಿಲ್ಲಿಸಬೇಡಿ. ಹೊರಡುವಾಗ ಹಳೆಯ ಸ್ಕ್ಯಾನಿಂಗ್ ಫಿಲ್ಮ್, ಸ್ಲೈಡುಗಳು, ರಕ್ತ ಪರೀಕ್ಷೆಗಳನ್ನು ತಾರೀಖಿನ ಪ್ರಕಾರ ಒಂದೇ ಫೈಲಿನಲ್ಲಿ ಜೋಡಿಸಿ, ಜೊತೆಗೆ ಇರುವವರ ಕೈಗೆ ಕೊಡಿ. ಬಯಾಪ್ಸಿ ರಿಪೋರ್ಟ್ ಯಾವತ್ತು ಬರುತ್ತದೆ, ಯಾರು ಓದಿ ಹೇಳುತ್ತಾರೆ ಎಂಬುದನ್ನು ಆ ಫೈಲಿನ ಮೇಲೆಯೇ ಬರೆಸಿಕೊಳ್ಳಿ.